ಲಂಗದಡಿ ಸಂಘದ ಅಧ್ಯಕ್ಷ

ಎಪಿಫಾನಿಯೊ ತುಮುಲಾಕ್ ಹೇಡಿ. ಇದನ್ನು ನಯವಾಗಿ ಹೇಳುವ ಬಗೆ ನನಗೆ ಗೊತ್ತಿಲ್ಲ. ಬೀದಿ ನಾಯಿ ಬೊಗಳಿದರೆ ಅದಕ್ಕೆ ದಾರಿ ಬಿಟ್ಟು ಚರಂಡಿಯ ಕಡೆ ಸರಿಯುತ್ತಿದ್ದ. ಪಾದ್ರಿಗಳು ಉಪದೇಶದ ನಡುವೆ ದನಿ ಏರಿಸಿದರೆ ಬೆಂಚಿನ ಅಂಚು ಹಿಡಿದುಕೊಳ್ಳುತ್ತಿದ್ದ. ಇಡೀ ಹಂದಿಯನ್ನು ಕೆಂಡದ ಮೇಲೆ ಸುಡುವುದು ಅವನ ಕಸುಬು. ಆದರೆ ಹಂದಿ ಕೊಯ್ಯುವುದಕ್ಕೆ ಮಾತ್ರ ಬೇರೆಯವರನ್ನು ಕರೆದು, ತಾನು ಮನೆಯ ಹಿಂದೆ ಹೋಗಿ ನಿಲ್ಲುತ್ತಿದ್ದ. ಕೂಗು ನಿಂತ ಮೇಲೆ, 'ಆಯ್ತಾ?' ಎಂದು ಕೇಳಿಕೊಂಡು ಬರುತ್ತಿದ್ದ.

ಇಂಥವನು ನಮ್ಮ ಊರಿನ ಅತ್ಯಂತ ಜನಪ್ರಿಯ ಸಂಘಕ್ಕೆ ಅಧ್ಯಕ್ಷನಾಗಿದ್ದ. ಅದಕ್ಕೊಂದು ಕಾರಣವಿತ್ತು.

ಸೆಬು ದ್ವೀಪದ ದಕ್ಷಿಣ ದಂಡೆಯಲ್ಲಿರುವ ನಮ್ಮ ಊರಿಗೆ ಸಂತ ಮೊನಿಕಾಳ ರಕ್ಷಣೆಯಿದೆ. ಆಕೆ ಸಿಡುಕು ಗಂಡನನ್ನು ಸಹಿಸಿ ಸಹಿಸಿ ಸಂತಳಾದವಳು. ಗಂಡನಿಂದ ಏಟು ತಿಂದ ಹೆಂಗಸರು ಆಕೆಯ ಮುಂದೆ ಮೇಣದ ಬತ್ತಿ ಹಚ್ಚುತ್ತಾರೆ. ಆಗಸ್ಟಿನಲ್ಲಿ ಆಕೆಯ ಹಬ್ಬ ಬಂದಾಗ, ಅದೇ ಹೆಂಗಸರ ಗಂಡಂದಿರು ಬಾಸ್ಕೆಟ್‌ಬಾಲ್ ಅಂಗಳದಲ್ಲಿ ವೇದಿಕೆ ಕಟ್ಟಿ 'ಲಂಗದಡಿ ಸಂಘ'ದ ವಾರ್ಷಿಕ ಪ್ರತಿಜ್ಞಾವಿಧಿ ನಡೆಸುತ್ತಾರೆ. ಹೆಂಡತಿಯ ಲಂಗದಡಿಯಲ್ಲಿ ಬದುಕುವ ಗಂಡಂದಿರ ಸಂಘವೆಂದು ಅದರ ಅರ್ಥ. 'ಅವಳು ಹೇಳಿದ್ದು ಸರಿಯಾದರೆ ಅವಳು ಸರಿ. ಅವಳು ಹೇಳಿದ್ದು ತಪ್ಪಾದರೆ ನಾನು ತಪ್ಪು' ಎಂದು ಕೈ ಎತ್ತಿ ಪ್ರತಿಜ್ಞೆ ಮಾಡುತ್ತಾರೆ. ಅಧ್ಯಕ್ಷನು ಪ್ಯಾಂಟಿನ ಮೇಲೆ ಹೂವಿನ ಲಂಗ ಕಟ್ಟಿ, ಕೈಯಲ್ಲಿ ಮರದ ಸೌಟು ಹಿಡಿದು ಕೂರುತ್ತಾನೆ. ಆಮೇಲೆ ತೆಂಗಿನ ಕಳ್ಳು ಕುಡಿದು ಮನೆಗೆ ಹೋಗಿ, ಊಟ ತಣ್ಣಗಾಗಿದೆಯೆಂದು ಹೆಂಡತಿಯ ಮೇಲೆ ಕೂಗಾಡುತ್ತಾರೆ.

ಸಂಘದ ಸ್ಥಾಪಕ ನಮ್ಮ ಕ್ಯಾಪ್ಟನ್ ಗೊಡಿಂಗ್, ಎಂದರೆ ಊರಿನ ಚುನಾಯಿತ ಮುಖ್ಯಸ್ಥ. ಪಕ್ಕದ ಪಟ್ಟಣದಲ್ಲಿ ಅವನಿಗೆ ಎರಡನೆಯ ಸಂಸಾರವಿದೆ. ಮೊದಲ ಸಂಸಾರಕ್ಕೆ ಅಂಜಿ ನಡುಗುವವನಂತೆ ಅವನು ವರ್ಷಕ್ಕೊಮ್ಮೆ ಚೆನ್ನಾಗಿ ನಟಿಸುತ್ತಾನೆ. ಉಳಿದ ಸದಸ್ಯರೂ ಅದೇ ಜಾತಿಯವರು. ಹೆಂಡತಿಗೆ ನಿಜವಾಗಿ ಹೆದರುವ ಗಂಡಸು ಆ ಸಂಘದಲ್ಲಿ ಒಬ್ಬನೇ ಇದ್ದ. ಅವನನ್ನೇ ಅಧ್ಯಕ್ಷನನ್ನಾಗಿ ಆರಿಸಿದರು. ನಮ್ಮ ಊರಿನ ಚುನಾವಣೆಗಳಲ್ಲಿ ಅರ್ಹ ಅಭ್ಯರ್ಥಿ ಗೆದ್ದದ್ದು ಅದೊಂದೇ.

ಎಪಿಫಾನಿಯೊನನ್ನು ಎಲ್ಲರೂ ಪನ್ಯೊಂಗ್ ಎಂದು ಕರೆಯುತ್ತಿದ್ದರು. ಅವನ ಹೆಂಡತಿ ಫ್ಲೊರ್ದೆಲಿಸ ಎಲ್ಲರಿಗೂ ಡೆಲಿಸ. ಸಣ್ಣ ಮೈಕಟ್ಟಿನ, ಮೆತ್ತನೆಯ ದನಿಯ ಹೆಂಗಸು. ಸಂಜೆಯ ಜಪಮಾಲೆ ಪ್ರಾರ್ಥನೆಗೆ ಅವಳೇ ಮುಂದಾಳು. ಬೆಳಗಿನ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಅಕ್ಕಿ ಹಿಟ್ಟಿನ ಕೇಕು ಮಾರುತ್ತಿದ್ದಳು. ಕೊಳ್ಳುವವರ ಮಕ್ಕಳ ಹೆಸರು, ಅವರ ಜ್ವರ, ಅವರ ಪರೀಕ್ಷೆ ಎಲ್ಲವನ್ನೂ ನೆನಪಿಟ್ಟುಕೊಂಡು ವಿಚಾರಿಸುತ್ತಿದ್ದಳು. 'ಅಂಥ ಹೆಂಡತಿ ಸಿಗೋಕೆ ಪನ್ಯೊಂಗ್ ಪುಣ್ಯ ಮಾಡಿರಬೇಕು' ಎಂದು ಊರು ಹೇಳುತ್ತಿತ್ತು. ಪುಣ್ಯದ ಗುರುತುಗಳು ಅವನ ಮೈಮೇಲೆ ಇದ್ದವು. ಆದರೆ ಅವನು ಅಂಗಿ ಬಿಚ್ಚುತ್ತಿರಲಿಲ್ಲ.

ಹಂದಿ ಸುಡುವವರು ಸಾಮಾನ್ಯವಾಗಿ ಒಂದು ಚಡ್ಡಿ ತೊಟ್ಟು ಕೆಂಡದ ಮುಂದೆ ಕೂರುತ್ತಾರೆ. ಹೊಟ್ಟೆಯೊಳಗೆ ಮಜ್ಜಿಗೆಹುಲ್ಲು, ಬೆಳ್ಳುಳ್ಳಿ, ಈರುಳ್ಳಿ ತುಂಬಿ ಹೊಲಿದ ಹಂದಿಯನ್ನು ಬಿದಿರಿನ ಗಳಕ್ಕೆ ಏರಿಸಿ, ಬೆಳಗಿನಿಂದ ತಿರುಗಿಸುತ್ತಲೇ ಇರಬೇಕು. ಅಲ್ಲಿ ಉಸಿರೇ ಬೇಯುತ್ತದೆ. ಪನ್ಯೊಂಗ್ ಮಾತ್ರ ತುಂಬುತೋಳಿನ ಅಂಗಿ ತೊಟ್ಟು, ಕೊರಳ ತನಕ ಗುಂಡಿ ಹಾಕಿ ಕೂರುತ್ತಿದ್ದ. ಊರಿಗೆ ಇದೊಂದು ನಗೆಪಾಟಲು. ಪಕ್ಕದ ಕುಳಿಯಲ್ಲಿ ಹಂದಿ ಸುಡುವ ತಿಬುರ್ಸಿಯೊ ಸುಮ್ಮನಿರುವ ಆಸಾಮಿಯಲ್ಲ.

"ಅಲ್ಲ ಅಧ್ಯಕ್ಷರೇ, ಒಳ್ಳೆ ಮದುಮಗನ ಥರ ಗುಂಡಿ ಹಾಕ್ಕೊಂಡು ಬೆಂಕಿ ಮುಂದೆ ಕೂತಿದ್ದೀರಲ್ಲ, ಹಂದಿ ಜೊತೆ ನೀವೂ ಬೇಯ್ತೀರಾ?"

"ಕೊಬ್ಬು ಸಿಡಿಯತ್ತಲ್ಲ ಮಾರಾಯ."

"ಸಿಡಿಯೋದು ನಮಗೂ ಸಿಡಿಯತ್ತೆ, ಎದೆಗೆ, ಕೈಗೆ. ನಿಮ್ಮ ಕತ್ತಿನ ಹಿಂದೆ ಸುಟ್ಟಿದೆಯಲ್ಲ, ನಿಮ್ಮ ಹಂದಿ ಎದ್ದು ಬಂದು ಹಿಂದುಗಡೆಯಿಂದ ಉಗುಳತ್ತಾ?"

ಸುತ್ತಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಪನ್ಯೊಂಗ್ ಎಲ್ಲರಿಗಿಂತ ಜೋರಾಗಿ ನಕ್ಕು, ಕಾಲರ್ ಮೇಲೆತ್ತಿಕೊಂಡ. ಅವನಿಗೆ ಆ ಒಂದು ವಿದ್ಯೆ ಚೆನ್ನಾಗಿ ಬರುತ್ತಿತ್ತು. ಒಂದು ವರ್ಷ ಅವನ ಬೆರಳು ಮುರಿಯಿತು. ಬಿದಿರು ಜಾರಿತು ಎಂದ. ಇನ್ನೊಂದು ಸಲ ಹುಬ್ಬು ಸೀಳಿತು. ಬಿದಿರು ತಗುಲಿತು ಎಂದ. ಬೇರೆಯವರ ಕೈಯಲ್ಲಿ ಸಾಧುವಾಗಿ ತಿರುಗುವ ಬಿದಿರಿಗೆ ಇವನೊಬ್ಬನ ಮೇಲೆ ಅಷ್ಟು ಹಗೆ ಯಾಕೆ ಎಂದು ಯಾರೂ ಕೇಳಲಿಲ್ಲ. ನಮ್ಮ ಊರಿನಲ್ಲಿ ಪದವೀಧರರಿಗೇನೂ ಕೊರತೆಯಿಲ್ಲ.

ಡೆಲಿಸಳಿಗೆ ಕಾರಣಗಳು ಇರುತ್ತಿದ್ದವು. ಕೈ ಎತ್ತುವವರಿಗೆ ಕಾರಣದ ಕೊರತೆ ಯಾವತ್ತೂ ಬಿದ್ದದ್ದಿಲ್ಲ. ಗಿರಾಕಿ ಹೆಂಗಸೊಬ್ಬಳಿಗೆ ಗರಿಗರಿ ಚರ್ಮದ ತುಂಡೊಂದನ್ನು ಹೆಚ್ಚಿಗೆ ಕೊಟ್ಟದ್ದು, ಜಪಮಾಲೆಯ ನಡುವೆ ಸೀನಿದ್ದು, ಕರೆದಾಗ ಎರಡನೆಯ ಕೂಗಿಗೆ ಓಗೊಟ್ಟದ್ದು. ಒಲೆಯ ಮೇಲಿನ ನೀರು, ಇಸ್ತ್ರಿ ಪೆಟ್ಟಿಗೆ, ತೆಂಗಿನಕಾಯಿ ತುರಿಯುವ ಮಣೆ ಎಲ್ಲವೂ ಅವಳ ಕೈಗೆ ಅನುಕೂಲವಾಗಿ ಬರುತ್ತಿದ್ದವು.

ತಿರುಗಿ ಒಂದು ಏಟು ಹಾಕಬಾರದಿತ್ತೇ ಎಂದು ಈಗ ಕೇಳುವವರಿದ್ದಾರೆ. ಹಾಕಿದ್ದರೆ ಊರಿನ ಕಚೇರಿ ಅವತ್ತೇ ಚುರುಕಾಗುತ್ತಿತ್ತು. ಬಿಟ್ಟು ಹೋಗಬಾರದಿತ್ತೇ ಎಂದೂ ಕೇಳುತ್ತಾರೆ. ನಮ್ಮ ದೇಶದಲ್ಲಿ ವಿಚ್ಛೇದನವಿಲ್ಲ. ಮನೆಯೂ ಕುಳಿಯೂ ಇರುವ ಜಾಗ ಡೆಲಿಸಳ ತವರಿನದು. ಇವೆಲ್ಲಕ್ಕಿಂತ ದೊಡ್ಡ ಕಾರಣವನ್ನು ನಾನು ಮೊದಲ ಸಾಲಿನಲ್ಲೇ ಹೇಳಿದ್ದೇನೆ.

ಹಂದಿ ಹದಕ್ಕೆ ಬಂತೇ ಎಂದು ನೋಡುವುದು ಕಿವಿಯಿಂದ. ಚಾಕುವಿನ ಹಿಂಬದಿಯಿಂದ ಚರ್ಮವನ್ನು ತಟ್ಟಿ, ಕಿವಿ ಹತ್ತಿರ ತಂದು ಕೇಳಬೇಕು. ಪನ್ಯೊಂಗ್ ಯಾವಾಗಲೂ ಎಡಗಿವಿ ಕೊಟ್ಟು ಕೇಳುತ್ತಿದ್ದವನು, ಆ ವರ್ಷ ಜೂನ್ ಕಳೆದ ಮೇಲೆ ಬಲಗಿವಿ ಕೊಡತೊಡಗಿದ. ಎಡಗಡೆಯಿಂದ ಕರೆದರೆ ಓಗೊಡುತ್ತಿರಲಿಲ್ಲ. 'ಅಧ್ಯಕ್ಷರಾದ ಮೇಲೆ ಬಡವರ ಮಾತು ಕೇಳಿಸಲ್ಲ' ಎಂದು ತಿಬುರ್ಸಿಯೊ ಅದಕ್ಕೂ ಒಂದು ಮಾತು ಹೊಲಿದ. ನಿಜ ಇಷ್ಟೇ. ಡೆಲಿಸ ಬೀಸಿದ ಇಸ್ತ್ರಿ ಪೆಟ್ಟಿಗೆ ಆ ಕಿವಿಯನ್ನು ಮುಗಿಸಿತ್ತು.

ಉಳಿದದ್ದು ಒಂದು ಕಿವಿ. ಅದು ಹೋದರೆ ಕಸುಬೂ ಹೋಯಿತು. ಹೇಡಿಗೂ ಲೆಕ್ಕ ಗೊತ್ತಿರುತ್ತದೆ. ಹಬ್ಬ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಪನ್ಯೊಂಗ್ ಸ್ನಾನ ಮಾಡಿ, ತಲೆ ಬಾಚಿ, ಊರಿನ ಕಚೇರಿಗೆ ಹೋದ.

ಕಚೇರಿಯ ಮೂಲೆಯಲ್ಲಿ 'ಮಹಿಳೆಯರು ಮತ್ತು ಮಕ್ಕಳು' ಎಂಬ ಫಲಕವಿರುವ ಮೇಜಿದೆ. ಆ ಮೇಜು ಬೇಕು. ಅದನ್ನು ತರಿಸುವುದಕ್ಕೆ ಜಗಳವಾಡಿದವರಲ್ಲಿ ನಾನೂ ಒಬ್ಬಳು. ಯಾರಿಗಾದರೂ ಅನುಮಾನವಿದ್ದರೆ ಯಾವುದೇ ಶನಿವಾರ ಸಂಬಳವಾದ ಮೇಲೆ ಅಲ್ಲಿ ಹೋಗಿ ಕೂರಲಿ. ಆದರೆ ಪನ್ಯೊಂಗ್ ಮಹಿಳೆಯೂ ಅಲ್ಲ, ಮಗುವೂ ಅಲ್ಲ. ಬೇರೆ ಮೇಜು ಇರಲಿಲ್ಲ. ಹಾಗಾಗಿ ಅಲ್ಲೇ ನಿಂತ. ಮೇಜಿನ ಹಿಂದೆ ನೆನಿತಾ ಇದ್ದಳು. ಅವಳು ಕೆಟ್ಟವಳಲ್ಲ, ಕೆಲಸಗಳ್ಳಿಯೂ ಅಲ್ಲ. ನಗೆ ಮಾತ್ರ ಅವಳಲ್ಲಿ ತುಟಿಯ ತುದಿಯಲ್ಲೇ ಇರುತ್ತದೆ. ನಡೆದದ್ದನ್ನು ಆಮೇಲೆ ಅವಳೇ ಊರಿಗೆಲ್ಲ ಅಭಿನಯಿಸಿ ತೋರಿಸಿದಳು.

"ಏನ್ ನೊಂಗ್ ಪನ್ಯೊಂಗ್, ಯಾವ ಹೆಂಗಸಿಗೆ ಹೊಡೆದ್ರಿ?" ಎಂದು ಅವಳು ಕೇಳಿದಳಂತೆ. ನಮ್ಮಲ್ಲಿ ಹಿರಿಯ ಗಂಡಸರನ್ನು ನೊಂಗ್, ಹಿರಿಯ ಹೆಂಗಸರನ್ನು ಮನಾಂಗ್ ಎನ್ನದೆ ಕರೆಯುವುದು ಮರ್ಯಾದೆಯಲ್ಲ; ಕಿರಿಯ ಹೆಂಗಸಾದರೆ ಇಂದಾಯ್.

"ನಾನಲ್ಲ ಇಂದಾಯ್. ಅವಳು."

"ಯಾವಳು?"

"ನಮ್ಮವಳು. ಡೆಲಿಸ. ನನಗೆ ಹೊಡೀತಾಳೆ."

ನೆನಿತಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳಂತೆ. ಹಬ್ಬಕ್ಕೆ ವಾರವೂ ಇಲ್ಲ. ಎದುರಿಗೆ ನಿಂತವನು ಲಂಗದಡಿ ಸಂಘದ ಅಧ್ಯಕ್ಷ. ಪ್ರತಿ ವರ್ಷ ವೇದಿಕೆಯ ಮೇಲೆ ಅವನು ಹೇಳುವುದೂ ಇದನ್ನೇ. "ಓಹೋ, ಈ ವರ್ಷ ನಾಟಕ ಕಚೇರಿಯಿಂದಲೇ ಶುರುವಾ? ಕ್ಯಾಪ್ಟನ್! ಬನ್ನಿ ಬನ್ನಿ, ಅಧ್ಯಕ್ಷರು ದೂರು ಕೊಡೋಕೆ ಬಂದಿದ್ದಾರೆ!"

ಕ್ಯಾಪ್ಟನ್ ಗೊಡಿಂಗ್ ಒಳಕೋಣೆಯಿಂದ ಬಂದ. ನೀರಿನ ಬಿಲ್ಲು ಕಟ್ಟಲು ಬಂದವರು ಸಾಲು ಬಿಟ್ಟು ಸುತ್ತ ನೆರೆದರು. "ಹೇಳಿ ಅಧ್ಯಕ್ಷರೇ, ನಾಚ್ಕೋಬೇಡಿ. ಎಲ್ಲಿ ಹೊಡೀತಾಳೆ? ಸರ್ಕಾರ ನಿಮ್ಮ ಬೆನ್ನ ಹಿಂದೆ ಇದೆ."

"ಎಲ್ಲಾದ್ರೂ ಹೊಡೀಲಿ ಕ್ಯಾಪ್ಟನ್," ಎಂದ ಪನ್ಯೊಂಗ್. "ಕಿವಿಗೆ ಮಾತ್ರ ಹೊಡೀಬೇಡ ಅಂತ ನೀವೊಂದು ಮಾತು ಹೇಳಿ. ಈ ಕಡೆದು ಹೋಗಿದೆ. ಆ ಕಡೆದೊಂದು ಇರ್ಲಿ."

ಇಡೀ ಕಚೇರಿ ಚಪ್ಪಾಳೆ ತಟ್ಟಿತು. ನಗುತ್ತ ನಗುತ್ತ ಕ್ಯಾಪ್ಟನ್‌ಗೆ ಕೆಮ್ಮು ಹತ್ತಿತು. "ಅಯ್ಯೋ ದೇವರೇ! ಇದನ್ನೇ ಹೇಳು, ವೇದಿಕೆ ಮೇಲೆ ಇದನ್ನೇ ಹೇಳು. ಮುಖ ಹೀಗೇ ಇಟ್ಕೋ, ಒಂಚೂರೂ ಬದಲಾಯಿಸ್ಬೇಡ. ನೋಡ್ರೋ ಇವನ ಕಣ್ಣಲ್ಲಿ ನೀರು!" ಅವನ ಬೆನ್ನ ಮೇಲೆ ಪ್ರೀತಿಯಿಂದ ಎರಡು ಗುದ್ದಿದ. ಪನ್ಯೊಂಗ್ ತುಟಿ ಕಚ್ಚಿಕೊಂಡ. ಆಮೇಲೆ, ಅಭ್ಯಾಸಬಲದಿಂದ, ಎಲ್ಲರಿಗಿಂತ ಜೋರಾಗಿ ನಕ್ಕು ಹೊರಟುಹೋದ.

ಮರುದಿನ ಸಂಜೆ ಪ್ರಾರ್ಥನೆ ಮುಗಿಸಿ ನಾವೆಲ್ಲ ಚರ್ಚಿನಿಂದ ಹೊರಬರುವಾಗ, ನೆನಿತಾ ಓಡಿಬಂದು ಡೆಲಿಸಳ ಕೈ ಹಿಡಿದಳು.

"ನಿನ್ನ ಗಂಡ ಎಂಥ ನಟ ಮಾರಾಯ್ತಿ! ನಿನ್ನೆ ಕಚೇರಿಗೆ ಬಂದು ನಿನ್ನ ಮೇಲೆ ದೂರು ಕೊಟ್ರು ನೋಡು, ನಕ್ಕೂ ನಕ್ಕೂ ನಂಗೆ ಪಕ್ಕೆ ಹಿಡೀತು."

"ಹೌದಾ?" ಡೆಲಿಸ ಮುಸುಕಿನ ಬಟ್ಟೆಯನ್ನು ನಿಧಾನವಾಗಿ ಮಡಿಸುತ್ತಿದ್ದಳು. "ಏನಂದ್ರು?"

"ಎಲ್ಲಾದ್ರೂ ಹೊಡೀಲಿ, ಕಿವಿಗೆ ಮಾತ್ರ ಬೇಡ ಅನ್ನಿ ಅಂದ್ರು!"

ಡೆಲಿಸಳೂ ನಕ್ಕಳು. ಅವಳ ನಗು ಚೆಂದ. "ಅಯ್ಯೋ ಪಾಪ. ಆಯ್ತು ಬಿಡು, ಇನ್ಮೇಲೆ ಕಿವಿ ಮುಟ್ಟಲ್ಲ."

ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಮಾರನೆಯ ಬೆಳಿಗ್ಗೆ ಪನ್ಯೊಂಗ್ ಕುಳಿಯ ಮುಂದೆ ಬೆನ್ನು ನೆಟ್ಟಗೆ ಮಾಡಿ, ಗೋಡೆಗೆ ಒರಗದೆ, ಗಳ ತಿರುಗಿಸುತ್ತಿದ್ದ. ಅಂಗಿಯ ಹಿಂಭಾಗ ಮೈಗೆ ಅಂಟಿಕೊಂಡಿತ್ತು. 'ಏನ್ ಬೆವರು ಅಧ್ಯಕ್ಷರೇ!' ಎಂದ ತಿಬುರ್ಸಿಯೊ. ಬೆವರಿಗೆ ಆ ಬಣ್ಣವಿರುವುದಿಲ್ಲ. ಕಿವಿ ಮಾತ್ರ ಕ್ಷೇಮವಾಗಿತ್ತು.

ಇಷ್ಟಾದ ಮೇಲೆ ಅವನು ಏನು ಮಾಡಿದ? ಹಬ್ಬದ ದಿನ ಲಂಗ ಕಟ್ಟಿಕೊಂಡು ವೇದಿಕೆ ಹತ್ತಿದ.

ಹಬ್ಬದ ಗದ್ದಲ ನನಗೆ ಆಗುವುದಿಲ್ಲ. ಅಂಗಳಕ್ಕೆ ಎದುರಾಗಿಯೇ ಊರಿನ ಕಚೇರಿ. ಅಲ್ಲಿ ಫ್ಯಾನ್ ಇದೆ, ಕಿಟಕಿಯ ಪಕ್ಕದಲ್ಲಿ ಬೆನ್ನಿಗೆ ಆಸರೆಯಿರುವ ಬೆಂಚಿದೆ. ನಾನು ಅಲ್ಲಿ ಹೋಗಿ ಕೂತೆ. ರಜೆಯ ದಿನವೂ ಮೇಜು ಬಿಡುವಂತಿಲ್ಲ ಎಂದು ಗೊಣಗುತ್ತ ನೆನಿತಾ ಕೂತಿದ್ದಳು. ಅಂಗಳದ ತುಂಬ ಜನ. ತೆಂಗಿನ ಗರಿಯಲ್ಲಿ ಬೇಯಿಸಿದ ಅನ್ನದ ಪೊಟ್ಟಣಗಳೂ, ಪನ್ಯೊಂಗ್ ಬೆಳಗಿನಿಂದ ಸುಟ್ಟ ಹಂದಿಗಳೂ ಬಾಳೆಯೆಲೆಯ ಮೇಲೆ ಸಾಲಾಗಿದ್ದವು. ವೇದಿಕೆಯ ಎಡಕ್ಕೆ, ಮುಂದಿನ ಸಾಲಿನಲ್ಲಿ, ಅಧ್ಯಕ್ಷರ ಪತ್ನಿಗೆಂದೇ ಮೀಸಲಾದ ಕುರ್ಚಿಯಲ್ಲಿ ಡೆಲಿಸ ಬೀಸಣಿಗೆ ಆಡಿಸುತ್ತಿದ್ದಳು.

ಹೊಸ ಸದಸ್ಯನನ್ನು ಸೇರಿಸಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಅವನು ಅಧ್ಯಕ್ಷನ ಮುಂದೆ ಮಂಡಿಯೂರಿ, ಹೆಂಡತಿ ತನಗೆ ಕೊಡುವ ಕಾಟವನ್ನು ಹೇಳಿಕೊಳ್ಳಬೇಕು. ಪ್ರತಿ ಕಾಟಕ್ಕೂ ಜನ 'ಪಾಪ! ಪಾಪ!' ಎಂದು ಕೂಗುತ್ತಾರೆ. ಕೊನೆಗೆ ಅಧ್ಯಕ್ಷನು ತಲೆಯ ಮೇಲೆ ಸೌಟಿನಿಂದ ಕುಟ್ಟಿ 'ಅರ್ಹ!' ಎಂದರೆ ಸದಸ್ಯತ್ವ ಖಾಯಂ.

ಆ ವರ್ಷ ಗೆಳೆಯರು ತಳ್ಳಿಕೊಂಡು ಬಂದದ್ದು ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ರೊಡೆಲ್‌ನನ್ನು. ಎತ್ತರದ, ದಪ್ಪ ತೋಳಿನ ಆಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೆಂಡತಿ ಬಾಣಂತಿ, ಮನೆಯಲ್ಲೇ ಇದ್ದಳು.

"ಚಪ್ಪಲಿ ಬಚ್ಚಿಡ್ತಾಳೆ!" ಎಂದು ರೊಡೆಲ್ ಶುರು ಮಾಡಿದ.

"ಪಾಪ! ಪಾಪ!"

"ಫೋನ್ ಕಿತ್ಕೊಂಡು ಬಾವಿಗೆ ಹಾಕಿದ್ಳು!"

"ಪಾಪ! ಪಾಪ!"

"ಕತ್ತಿ..." ಎಂದ ರೊಡೆಲ್. ನಗುತ್ತಲೇ ಇದ್ದ. "ಮಲಗಿದಾಗ ಕತ್ತಿ ತಂದು ಇಲ್ಲಿ ಇಡ್ತಾಳೆ." ಕುತ್ತಿಗೆ ಮುಟ್ಟಿ ತೋರಿಸಿದ.

ಜನ ಕೇಕೆ ಹಾಕಿದರು. ವರ್ಷದ ಅತ್ಯುತ್ತಮ ಕಾಟ ಅದು. "ಕುಟ್ಟಿ ಅಧ್ಯಕ್ಷರೇ, ಕುಟ್ಟಿ! ಇವನು ಹುಟ್ಟಾ ಅರ್ಹ!" ಎಂದು ಕ್ಯಾಪ್ಟನ್ ಕೂಗಿದ. ಪನ್ಯೊಂಗ್ ಸೌಟು ಎತ್ತಿದ. ಆ ಭಾರೀ ಆಳು ರೊಡೆಲ್ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮುದುಡಿದ. ಜನರ ನಗು ಇನ್ನೂ ಏರಿತು.

ಸೌಟು ಮೇಲೆಯೇ ಉಳಿಯಿತು.

ಪನ್ಯೊಂಗ್ ಬಗ್ಗಿ, ಹಂದಿಯ ಚರ್ಮಕ್ಕೆ ಕಿವಿ ಕೊಡುವ ಹಾಗೆ, ಬಲಗಿವಿಯನ್ನು ರೊಡೆಲ್‌ನ ಬಾಯಿಯ ಹತ್ತಿರ ತಂದ. "ಇನ್ನೊಂದ್ಸಲ ಹೇಳು," ಎಂದದ್ದು ಧ್ವನಿವರ್ಧಕದಲ್ಲಿ ಎಲ್ಲರಿಗೂ ಕೇಳಿಸಿತು. "ಅಧ್ಯಕ್ಷರಿಗೆ ಕಿವುಡು!" ಎಂದು ತಿಬುರ್ಸಿಯೊ ಕಿರುಚಿದ. ರೊಡೆಲ್ ಮೈಕಿಗೆ ಸಿಗದಷ್ಟು ಮೆಲ್ಲಗೆ ಏನು ಹೇಳಿದನೋ ನನಗೆ ತಿಳಿಯದು. ಅವನ ನಗು ಮಾತ್ರ ನಿಂತಿತ್ತು. ಪನ್ಯೊಂಗ್ ಸೌಟನ್ನು ಕುರ್ಚಿಯ ಮೇಲಿಟ್ಟ. ಲಂಗದ ಲಾಡಿ ಬಿಚ್ಚಿ, ಮಡಿಸಿ, ಅದರ ಮೇಲಿಟ್ಟ. ರೊಡೆಲ್‌ನ ಮೊಣಕೈ ಹಿಡಿದು ಎಬ್ಬಿಸಿ ಮೆಟ್ಟಿಲು ಇಳಿದ.

ಮುಂದಿನ ಸಾಲಿನಲ್ಲಿ ಬೀಸಣಿಗೆ ನಿಂತಿತು. "ಪನ್ಯೊಂಗ್, ಎಲ್ಲಿಗೆ?" ಎಂದಳು ಡೆಲಿಸ. ಎರಡನೆಯ ಸಲ ಸ್ವಲ್ಪ ಗಟ್ಟಿಯಾಗಿ, "ಪನ್ಯೊಂಗ್!" ಎಂದಳು. ಅವಳು ಇದ್ದದ್ದು ಅವನ ಎಡಕ್ಕೆ. ಆ ಕಡೆಯ ಬಾಗಿಲನ್ನು ಅವಳೇ ಶಾಶ್ವತವಾಗಿ ಮುಚ್ಚಿದ್ದಳು. ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಲಿಲ್ಲವೆಂದು ಹೇಳಿಕೊಳ್ಳುವ ಹಕ್ಕು ಅವನಿಗಿತ್ತು. ಅಂಗಳ ದಾಟಿ ಸೀದಾ ಕಚೇರಿಯೊಳಗೆ ಬಂದ.

"ಎರಡನೇ ಅಂಕಾನಾ ಅಧ್ಯಕ್ಷರೇ?" ನೆನಿತಾ ಆಗಲೇ ನಗಲು ಶುರು ಮಾಡಿದ್ದಳು. "ಈ ಸಲ ಇಬ್ಬರಾ?"

ಪನ್ಯೊಂಗ್ ಅವಳ ಮೇಜಿನ ಮುಂದಿನ ಕುರ್ಚಿಯಲ್ಲಿ ರೊಡೆಲ್‌ನನ್ನು ಕೂರಿಸಿದ. "ಇವನು ಹೇಳ್ತಾನೆ, ಕೇಳು."

ರೊಡೆಲ್ ಕಿಟಕಿಯ ಕಡೆ ನೋಡಿದ. ಅಲ್ಲಿ ಗೆಳೆಯರ ಮುಖಗಳು ಸರಳುಗಳಿಗೆ ಒತ್ತಿಕೊಂಡಿದ್ದವು. "ಏನಿಲ್ಲ ಮನಾಂಗ್ ನೆನಿತಾ," ಎಂದ. "ತಮಾಷೆಗೆ ಅಂದೆ. ಕಳ್ಳು ಸ್ವಲ್ಪ ಜಾಸ್ತಿ ಆಯ್ತು. ಬಿಡಿ ನೊಂಗ್, ಹೋಗೋಣ." ಕುರ್ಚಿಯ ಕೈ ಹಿಡಿದು ಎದ್ದ.

"ನೋಡಿದ್ರಾ?" ಎಂದಳು ನೆನಿತಾ. "ಹೋಗಿ, ಊಟಕ್ಕೆ ಹೊತ್ತಾಯ್ತು. ನಿಮ್ಮ ಹಂದಿ ತಣ್ಣಗಾಗ್ತಿದೆ."

ಡೆಲಿಸ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಮುಖದಲ್ಲಿ ಆ ಚೆಂದದ ನಗು ಇತ್ತು. "ಪನ್ಯೊಂಗ್, ಮನೆಗೆ ಬಾ," ಎಂದಳು ಮೆತ್ತಗೆ. ಈ ಸಲ ಅವಳು ಬಲಕ್ಕಿದ್ದಳು. ಅವನಿಗೆ ಕೇಳಿಸಿತು.

ಅವನು ಕೈಯನ್ನು ಕೊರಳಿಗೆ ಒಯ್ದು ಮೊದಲ ಗುಂಡಿ ಬಿಚ್ಚಿದ. ಹಿಂದೆ ಮುರಿದಿದ್ದ ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ, ಆದ್ದರಿಂದ ಹೊತ್ತು ಹಿಡಿಯಿತು. ಎರಡನೆಯದು ಬಿಚ್ಚಿದ, ಮೂರನೆಯದೂ ಬಿಚ್ಚಿದ. ಬೆನ್ನಿಗೆ ಅಂಟಿದ್ದ ಬಟ್ಟೆಯನ್ನು ಹಲ್ಲು ಕಚ್ಚಿ ಬಿಡಿಸಿಕೊಂಡ. ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿ, ನೆನಿತಾಳ ಮೇಜಿಗೂ ಕಿಟಕಿಗೂ ಬೆನ್ನು ತಿರುಗಿಸಿ ನಿಂತ.

"ಕೂತ್ಕೊ ರೊಡೆಲ್," ಎಂದ. "ಮೊದಲು ನಂದು ನೋಡ್ಲಿ. ಆಮೇಲೆ ನಿಂದು ಹೇಳು."